ಗ್ಯಾಲಾಶೀಲ್ಸ್ ರೈಲು ನಿಲ್ದಾಣ: ಅಂದಿನ ಜಂಕ್ಷನ್ ಇಂದು ಒಂದೇ ಪ್ಲಾಟ್‌ಫಾರ್ಮ್ ಆದದ್ದು ಹೇಗೆ?

ಇಳಕಲ್_ಮಗ್ಗ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಸ್ಕಾಟ್ಲೆಂಡ್‌ನ ಗ್ಯಾಲಾಶೀಲ್ಸ್ ಎಂಬ ಪುಟ್ಟ ಊರಿನಲ್ಲಿರುವ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಜವಳಿ ವಿಭಾಗದಲ್ಲಿ ಸ್ನಾತಕೋತ್ತರ ಓದಿಗೆ ಪ್ರವೇಶ ದೊರೆತಿದೆ. ನಮ್ಮದು ತಲೆಮಾರುಗಳಿಂದ ಮಗ್ಗವನ್ನೇ ನಂಬಿಕೊಂಡು ಬಂದ ಮನೆ, ಆದ್ದರಿಂದ ಎಲ್ಲರಿಗೂ ಸಂತೋಷವಾಗಿದೆ. ಸೋದರಮಾವನ ಮನೆ ಎಡಿನ್‌ಬರ್ಗ್‌ನಲ್ಲಿದೆ. ಅವಳು ಅಲ್ಲಿಯೇ ಉಳಿದು ದಿನವೂ ರೈಲಿನಲ್ಲಿ ಹೋಗಿ ಬರಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಕುತೂಹಲದಿಂದ ಹುಟ್ಟಿದ್ದು. ಈ ಊರಿನ ಹಳೆಯ ಚಿತ್ರಗಳಲ್ಲಿ ಹಲವು ಹಳಿಗಳು, ಉಗಿಬಂಡಿಗಳು, ಸರಕಿನ ವ್ಯಾಗನ್‌ಗಳು ತುಂಬಿರುವ ನಿಲ್ದಾಣ ಕಾಣುತ್ತದೆ. ಇಂದಿನ ಚಿತ್ರಗಳಲ್ಲಿ ಇರುವುದು ಒಂದು ಹಳಿ, ಒಂದು ಪ್ಲಾಟ್‌ಫಾರ್ಮ್ ಮತ್ತು ಮಳೆಯಿಂದ ಮರೆ ಕೊಡುವ ಸಣ್ಣ ಚಾವಣಿ ಮಾತ್ರ. ಟಿಕೆಟ್ ಕೊಡುವ ಕೋಣೆಯೂ ಇದ್ದಂತಿಲ್ಲ. 1969ರಲ್ಲಿ ಈ ಮಾರ್ಗವನ್ನು ಮುಚ್ಚಿ 2015ರಲ್ಲಿ ಮತ್ತೆ ತೆರೆದರೆಂದು ಓದಿದೆ. ಪ್ರಯಾಣಿಕರಿಲ್ಲದೆ ಮುಚ್ಚಿದ್ದರೆ ಅಷ್ಟು ಹಣ ಸುರಿದು ಮರಳಿ ಕಟ್ಟಿದ್ದೇಕೆ, ಪ್ರಯಾಣಿಕರಿದ್ದರೆ ಮುಚ್ಚಿದ್ದೇಕೆ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಲೀತ್_ನಿವಾಸಿ
ಮೊದಲ ಪ್ರಶ್ನೆಗೆ ಉತ್ತರ ಸುಲಭ: ಧಾರಾಳವಾಗಿ ಹೋಗಿ ಬರಬಹುದು. ಎಡಿನ್‌ಬರ್ಗ್‌ನ ವೇವರ್ಲಿ ನಿಲ್ದಾಣದಿಂದ ಗ್ಯಾಲಾಶೀಲ್ಸ್‌ಗೆ ಒಂದು ಗಂಟೆಯೊಳಗೆ ತಲುಪುತ್ತೀರಿ. ಸೋಮವಾರದಿಂದ ಶನಿವಾರದವರೆಗೆ ಹಗಲಿನಲ್ಲಿ ಅರ್ಧ ಗಂಟೆಗೊಂದು ರೈಲು, ಸಂಜೆಯ ನಂತರ ಮತ್ತು ಭಾನುವಾರ ಗಂಟೆಗೊಂದು. ಗ್ಯಾಲಾಶೀಲ್ಸ್ ಆದ ಮೇಲೆ ಟ್ವೀಡ್‌ಬ್ಯಾಂಕ್ ಎಂಬ ಒಂದೇ ನಿಲ್ದಾಣವಿದ್ದು, ಮಾರ್ಗ ಅಲ್ಲಿಗೆ ಮುಗಿಯುತ್ತದೆ.

ದರದ ಬಗ್ಗೆಯೂ ಒಂದು ಮಾತು. ಬೆಳಗ್ಗೆ ಮತ್ತು ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಹೆಚ್ಚು ದರ ವಿಧಿಸುವ ಪದ್ಧತಿಯನ್ನು ಈ ರೈಲುಗಳನ್ನು ಓಡಿಸುವ ಸ್ಕಾಟ್‌ರೈಲ್ ಸಂಸ್ಥೆ 2025ರ ಸೆಪ್ಟೆಂಬರ್ 1ರಿಂದ ಕೈಬಿಟ್ಟಿದೆ. ದಿನವೂ ಓಡಾಡುವ ವಿದ್ಯಾರ್ಥಿಗಳಿಗೆ ಇದು ದೊಡ್ಡ ಉಳಿತಾಯ. ಅದರ ಜೊತೆಗೆ 16ರಿಂದ 25 ವರ್ಷದವರ ರೈಲ್‌ಕಾರ್ಡ್ ಮಾಡಿಸಿಕೊಂಡರೆ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ವಯಸ್ಸು ಮೀರಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಆ ಕಾರ್ಡ್ ಸಿಗುತ್ತದೆ.

ಹಳಿಗಳ_ನಂಟು
ಎರಡನೆಯ ಪ್ರಶ್ನೆಗೆ ನಾನು ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಬ್ರಿಟನ್ನಿನ ರೈಲ್ವೆ ಇತಿಹಾಸದಲ್ಲಿ ನನ್ನ ಮನಸ್ಸನ್ನು ಅತಿಯಾಗಿ ಕಾಡಿದ ಪ್ರಕರಣ ಇದೇ.

ನಾರ್ತ್ ಬ್ರಿಟಿಷ್ ರೈಲ್ವೆ ಕಂಪನಿಯು ಎಡಿನ್‌ಬರ್ಗ್‌ನಿಂದ ದಕ್ಷಿಣಕ್ಕೆ ಹಳಿ ಹಾಕುತ್ತಾ ಬಂದು 1849ರ ಫೆಬ್ರವರಿಯಲ್ಲಿ ಗ್ಯಾಲಾಶೀಲ್ಸ್ ತಲುಪಿತು. ಅದೇ ವರ್ಷದ ನವೆಂಬರ್‌ನಲ್ಲಿ ಮಾರ್ಗ ಹಾಯಿಕ್ ಪಟ್ಟಣದವರೆಗೆ ಬೆಳೆಯಿತು. 1862ರಲ್ಲಿ ಗಡಿ ದಾಟಿ ಇಂಗ್ಲೆಂಡಿನ ಕಾರ್ಲೈಲ್ ಸೇರಿತು. ಒಟ್ಟು 98 ಮೈಲಿಯ ಈ ದಾರಿಗೆ ವೇವರ್ಲಿ ಮಾರ್ಗ ಎಂಬ ಹೆಸರು ಬಂದದ್ದು ಸರ್ ವಾಲ್ಟರ್ ಸ್ಕಾಟ್ ಅವರ ಕಾದಂಬರಿಗಳಿಂದ. ಅವರ ಮನೆಯಾದ ಅಬಟ್ಸ್‌ಫರ್ಡ್ ಇರುವುದು ಗ್ಯಾಲಾಶೀಲ್ಸ್‌ಗೆ ಕೂಗಳತೆಯಲ್ಲಿ.

ರೈಲು ಬಂದದ್ದು ಊರಿನ ಕಸುಬನ್ನೇ ಬದಲಿಸಿತು. ಅದಕ್ಕೂ ಮೊದಲು ಇಲ್ಲಿನ ಉಣ್ಣೆ ಗಿರಣಿಗಳು ಗಾಲಾ ಹೊಳೆಯ ನೀರಿನ ಬಲದಿಂದ ನಡೆಯುತ್ತಿದ್ದವು. ಉತ್ತರದ ಲೋಥಿಯನ್ ಗಣಿಗಳ ಕಲ್ಲಿದ್ದಲು ಕಡಿಮೆ ಸಾಗಣೆ ವೆಚ್ಚದಲ್ಲಿ ಬಂದಿಳಿಯತೊಡಗಿದಾಗ ಗಿರಣಿಗಳಿಗೆ ಉಗಿಯಂತ್ರಗಳು ಬಂದವು, ನೇಯ್ದ ಟ್ವೀಡ್ ಬಟ್ಟೆ ಅದೇ ರೈಲಿನಲ್ಲಿ ದೂರದ ಮಾರುಕಟ್ಟೆಗಳಿಗೆ ಹೋಯಿತು. 1856ರಲ್ಲಿ ಸೆಲ್‌ಕರ್ಕ್‌ಗೆ ಕವಲು ಮಾರ್ಗ ತೆರೆಯಿತು, 1866ರಲ್ಲಿ ಪೀಬಲ್ಸ್ ಕಡೆಯ ಮಾರ್ಗವೂ ಬಂದು ಸೇರಿತು. ನೀವು ಹಳೆಯ ಚಿತ್ರಗಳಲ್ಲಿ ಕಂಡ ವೈಭವ ಈ ಜಂಕ್ಷನ್ ಕಾಲದ್ದು.

ಇಳಿಗಾಲವೂ ಕವಲುಗಳಿಂದಲೇ ಆರಂಭವಾಯಿತು. ಸೆಲ್‌ಕರ್ಕ್ ಪ್ರಯಾಣಿಕ ರೈಲು 1951ರಲ್ಲಿ ನಿಂತಿತು, ಪೀಬಲ್ಸ್ ಮಾರ್ಗ 1962ರಲ್ಲಿ ಮುಚ್ಚಿತು. 1969ರ ಜನವರಿ 5ರ ರಾತ್ರಿ ಎಡಿನ್‌ಬರ್ಗ್‌ನಿಂದ ಲಂಡನ್‌ಗೆ ಹೊರಟ ಸ್ಲೀಪರ್ ರೈಲಿನೊಂದಿಗೆ ಮುಖ್ಯ ಮಾರ್ಗದ ಬಾಗಿಲೂ ಮುಚ್ಚಿತು. ಮೂರೇ ವರ್ಷಗಳಲ್ಲಿ ಹಳಿಗಳನ್ನು ಕಿತ್ತು ಮುಗಿಸಿದರು. ಹಳೆಯ ನಿಲ್ದಾಣವನ್ನು ಕೆಡವಿದರು. ಆ ಜಾಗದಲ್ಲಿ ರಸ್ತೆ, ಕಟ್ಟಡಗಳು ಎದ್ದವು. ಆದ್ದರಿಂದಲೇ 2015ರಲ್ಲಿ ರೈಲು ಮರಳಿದಾಗ ಹಳೆಯ ನಿಲ್ದಾಣವನ್ನು ಹಾಗೆಯೇ ಎಬ್ಬಿಸಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. ಇಕ್ಕಟ್ಟಿನಲ್ಲಿ ಒಂದು ಹಳಿ ಮತ್ತು ಒಂದು ಪ್ಲಾಟ್‌ಫಾರ್ಮ್ ಮಾತ್ರ ಕೂರಿಸಿದರು.

ಸಾಗರದ_ಸುಬ್ಬಣ್ಣ
ಬೀಚಿಂಗ್ ಎಂಬ ಒಬ್ಬ ಮನುಷ್ಯ ಇಡೀ ದೇಶದ ಸಣ್ಣ ಊರುಗಳ ರೈಲನ್ನು ಕೊಂದ ಎಂದು ಕೇಳಿದ್ದೆ. ಇದೂ ಅವನದೇ ಕೆಲಸ ತಾನೇ?

ಹಳಿಗಳ_ನಂಟು
ಸುಬ್ಬಣ್ಣನವರೇ, ಪೂರ್ತಿ ಹಾಗಲ್ಲ. ಬ್ರಿಟಿಷ್ ರೈಲ್ವೆಯ ಮುಖ್ಯಸ್ಥರಾಗಿದ್ದ ಬೀಚಿಂಗ್ ಅವರ 1963ರ ವರದಿಯಲ್ಲಿ ಈ ಮಾರ್ಗವನ್ನು ಮುಚ್ಚಬೇಕೆಂಬ ಸಲಹೆ ಇದ್ದದ್ದು ನಿಜ. ಆದರೆ ಬೀಚಿಂಗ್ 1965ರಲ್ಲೇ ಬ್ರಿಟಿಷ್ ರೈಲ್ವೆಯ ಹೊಣೆಯಿಂದ ಹೊರಬಂದಿದ್ದರು. ಮುಚ್ಚಲು ಒಪ್ಪಿಗೆ ಕೊಟ್ಟವರು 1968ರಲ್ಲಿ ಸಾರಿಗೆ ಸಚಿವರಾಗಿದ್ದ ಲೇಬರ್ ಪಕ್ಷದ ರಿಚರ್ಡ್ ಮಾರ್ಷ್. ಲಾಭವಿಲ್ಲದಿದ್ದರೂ ಸಮಾಜಕ್ಕೆ ಅಗತ್ಯವಾದ ಮಾರ್ಗಗಳಿಗೆ ಸರ್ಕಾರ ಸಹಾಯಧನ ಕೊಡಬಹುದೆಂಬ ಕಾನೂನು ಬಂದದ್ದೂ ಅದೇ 1968ರಲ್ಲಿ. ಆ ನೆರಳು ಈ ಮಾರ್ಗಕ್ಕೆ ಸಿಗಲಿಲ್ಲ ಎಂಬುದೇ ನನಗೆ ಹೆಚ್ಚು ಸಂಕಟ ತರುವ ಸಂಗತಿ.

ಲೆಕ್ಕದ_ಮನುಷ್ಯ
ಭಾವುಕರಾಗುವುದಕ್ಕೆ ಮುಂಚೆ ಆ ಕಾಲದ ವಾಸ್ತವವನ್ನೂ ನೋಡಬೇಕಲ್ಲವೇ? ಫಾಲಾಹಿಲ್ ದಿಬ್ಬ ಹತ್ತಲು 70 ಅಡಿಗೆ ಒಂದಡಿಯ ಏರು, ಅದನ್ನು ಇಳಿದು ಹಾಯಿಕ್ ದಾಟಿದರೆ ವಿಟ್‌ರೋಪ್‌ನಲ್ಲಿ ಸಾವಿರ ಅಡಿ ಎತ್ತರದ ಇನ್ನೊಂದು ದಿಬ್ಬ. ಭಾರದ ರೈಲುಗಳಿಗೆ ಹೆಚ್ಚುವರಿ ಎಂಜಿನ್ ಬೇಕಾಗುತ್ತಿತ್ತು. ಎಡಿನ್‌ಬರ್ಗ್‌ನಿಂದ ಕಾರ್ಲೈಲ್‌ಗೆ ಕಾರ್‌ಸ್ಟೇರ್ಸ್ ಮೂಲಕ ಬೇರೊಂದು ದಾರಿ ಇತ್ತು. ಹಾಯಿಕ್‌ನಿಂದ ಗಡಿಯವರೆಗೆ ದೊಡ್ಡ ಊರು ಒಂದೂ ಇಲ್ಲ. ಜನ ಕಾರು ಕೊಳ್ಳುತ್ತಿದ್ದರು, ಸರಕು ಲಾರಿಗೆ ಹೋಗುತ್ತಿತ್ತು. ಇಂತಹ ಮಾರ್ಗವನ್ನು ಯಾವ ಸರ್ಕಾರ ತಾನೇ ಎಷ್ಟು ದಿನ ಸಾಕುತ್ತಿತ್ತು?

ಗ್ಲಾಸ್ಗೋ_ಗಿರಿಜೆ
ಲೆಕ್ಕದವರೇ, ನೀವು ಹೇಳುತ್ತಿರುವುದು ಹಾಯಿಕ್‌ನ ದಕ್ಷಿಣದ ಭಾಗಕ್ಕೆ ಸರಿಹೊಂದುತ್ತದೆ. ಉತ್ತರದಲ್ಲಿ ಗ್ಯಾಲಾಶೀಲ್ಸ್, ಮೆಲ್‌ರೋಸ್, ಸೇಂಟ್ ಬಾಸ್ವೆಲ್ಸ್, ಹಾಯಿಕ್ ಎಲ್ಲವೂ ಸಾಲಾಗಿದ್ದವು, ಅವುಗಳ ತುದಿಯಲ್ಲಿ ರಾಜಧಾನಿ ಇತ್ತು. 98 ಮೈಲಿಯನ್ನು ಒಂದೇ ಗಂಟು ಮಾಡಿ ತೂಗಿ ಪೂರ್ತಿ ಎಸೆದದ್ದೇ ಆಗ ನಡೆದ ತಪ್ಪು. ಅರ್ಧವನ್ನು ಉಳಿಸಿಕೊಂಡು ಖರ್ಚು ತಗ್ಗಿಸುವ ದಾರಿ ಇತ್ತು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಗಡಿಸೀಮೆ_ಡಾಕ್ಟರ್
ನಾನು ಕೆಲವು ವರ್ಷಗಳಿಂದ ಗ್ಯಾಲಾಶೀಲ್ಸ್, ಹಾಯಿಕ್ ಊರುಗಳಿರುವ ಬಾರ್ಡರ್ಸ್ ಎಂಬ ಗಡಿ ಪ್ರದೇಶದಲ್ಲಿ ವೈದ್ಯೆಯಾಗಿದ್ದೇನೆ. ಆರಂಭದಲ್ಲಿ ಹಾಯಿಕ್‌ನಲ್ಲಿ ಬಾಡಿಗೆಗಿದ್ದಾಗ ಮನೆಯ ಒಡತಿ ಅಜ್ಜಿ ಆ ಕೊನೆಯ ದಿನಗಳ ಬಗ್ಗೆ ಬಹಳ ಹೇಳುತ್ತಿದ್ದರು. ರೈಲು ನಿಂತ ಮೇಲೆ ಎಡಿನ್‌ಬರ್ಗ್‌ನಲ್ಲಿ ಓದುತ್ತಿದ್ದ ಮಕ್ಕಳು ವಾರದ ಕೊನೆಗೆ ಮನೆಗೆ ಬರುವುದು ಕಡಿಮೆಯಾಯಿತು, ಓದು ಮುಗಿದ ಮೇಲೆ ಬರುವುದೇ ನಿಂತಿತು ಎಂದು ಅವರು ಹೇಳುವಾಗ ಆ ಸಿಟ್ಟು ಇನ್ನೂ ಆರಿರಲಿಲ್ಲ.

ಹೋರಾಟ ನಡೆಯಲಿಲ್ಲವೆಂದು ಯಾರೂ ಭಾವಿಸಬಾರದು. ಹಾಯಿಕ್‌ನ ಗೃಹಿಣಿ ಮ್ಯಾಡ್ಜ್ ಎಲಿಯಟ್ ಅವರು 11,678 ಸಹಿಗಳ ಮನವಿಯನ್ನು 1968ರ ಡಿಸೆಂಬರ್‌ನಲ್ಲಿ ಲಂಡನ್‌ಗೆ ಒಯ್ದು ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಕಚೇರಿಗೆ ತಲುಪಿಸಿದರು. ಕೊನೆಯ ರಾತ್ರಿ ಹಾಯಿಕ್‌ನ ಜನ ಸಾರಿಗೆ ಸಚಿವರ ಹೆಸರು ಬರೆದ ಶವಪೆಟ್ಟಿಗೆಯೊಂದನ್ನು ರೈಲಿಗೆ ಏರಿಸಿ ಕಳಿಸಿದರು. ಮುಂದೆ ನ್ಯೂಕ್ಯಾಸಲ್ಟನ್ ಎಂಬ ಹಳ್ಳಿಯಲ್ಲಿ ಊರಿಗೆ ಊರೇ ಚಳಿಯಲ್ಲಿ ಹೊರಬಂದು ರೈಲ್ವೆ ಗೇಟು ಮುಚ್ಚಿ ಹಳಿಯ ಮೇಲೆ ನಿಂತಿತು. ಮುಂದಾಳಾಗಿದ್ದ ಚರ್ಚಿನ ಪಾದ್ರಿ ಬ್ರೈಡನ್ ಮೇಬನ್ ಅವರನ್ನು ಪೊಲೀಸರು ಹಿಡಿದರು. ಅದೇ ರೈಲಿನಲ್ಲಿ ಪ್ರಯಾಣಿಸುತ್ತಿದ್ದ ಸ್ಥಳೀಯ ಸಂಸದ ಡೇವಿಡ್ ಸ್ಟೀಲ್ ಇಳಿದು ಬಂದು ಎರಡೂ ಕಡೆಯವರೊಡನೆ ಮಾತನಾಡಿದರು. ಪಾದ್ರಿಯನ್ನು ಬಿಟ್ಟರೆ ದಾರಿ ಬಿಡುತ್ತೇವೆಂದು ಜನ ಒಪ್ಪಿದ ಮೇಲೆ ಸುಮಾರು ಎರಡು ಗಂಟೆ ತಡವಾಗಿ ರೈಲು ಹೊರಟಿತು.

ಸಾಗರದ_ಸುಬ್ಬಣ್ಣ
ಓದಿ ಮೈ ಜುಮ್ಮೆಂದಿತು. ಮನವಿ ಒಯ್ದ ಆ ತಾಯಿ ಮ್ಯಾಡ್ಜ್ ಮತ್ತೆ ರೈಲು ಬಂದದ್ದನ್ನು ನೋಡಿದರೇ?

ಗಡಿಸೀಮೆ_ಡಾಕ್ಟರ್
ನೋಡಿದರು ಅಣ್ಣಾ. ಮಾರ್ಗ ತೆರೆದ ವರ್ಷವೇ ಸರಕು ರೈಲಿನ ಎಂಜಿನ್ ಒಂದಕ್ಕೆ ಅವರ ಹೆಸರಿಟ್ಟು ಗೌರವಿಸಿದರು.

ಲೆಕ್ಕದ_ಮನುಷ್ಯ
ಹೋರಾಟಗಾರರ ಬಗ್ಗೆ ನನಗೂ ಗೌರವವಿದೆ. ಆದರೆ ಮರಳಿ ಕಟ್ಟುವ ಮುನ್ನ ಸರ್ಕಾರವೇ ಮಾಡಿಸಿದ ಲೆಕ್ಕಾಚಾರದಲ್ಲಿ ಹಾಕಿದ ಒಂದು ಪೌಂಡಿಗೆ ಬರುವ ಪ್ರಯೋಜನ ಒಂದು ಪೌಂಡಿಗಿಂತ ಕಡಿಮೆ ಇತ್ತು. 2012ರ ಬೆಲೆಯಲ್ಲಿ 29.4 ಕೋಟಿ ಪೌಂಡ್ ಖರ್ಚಾಯಿತು. ಅಷ್ಟು ಹಣದಲ್ಲಿ ಈ ಪ್ರದೇಶದ ರಸ್ತೆ ಮತ್ತು ಬಸ್ ವ್ಯವಸ್ಥೆಯನ್ನು ಎಷ್ಟು ಸುಧಾರಿಸಬಹುದಿತ್ತೆಂದು ಯಾರಾದರೂ ಯೋಚಿಸಿದ್ದೀರಾ?

ಗ್ಲಾಸ್ಗೋ_ಗಿರಿಜೆ
ಯೋಚಿಸಿದ್ದೇವೆ, ಮತ್ತು ಆ ಲೆಕ್ಕಾಚಾರ ಎಲ್ಲಿ ಎಡವಿತೆಂಬುದನ್ನೂ ನೋಡಿದ್ದೇವೆ. ಮೊದಲ ವರ್ಷದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರಯಾಣಗಳಾದವು. ಅದಕ್ಕಿಂತ ಮುಖ್ಯವಾದದ್ದು ಆ ಪ್ರಯಾಣಿಕರು ಎಲ್ಲಿಂದ ಬಂದರು ಎಂಬುದು. ನಗರಕ್ಕೆ ಹತ್ತಿರದ ಶಾಫೇರ್, ನ್ಯೂಟನ್‌ಗ್ರೇಂಜ್, ಗೋರ್‌ಬ್ರಿಜ್ ನಿಲ್ದಾಣಗಳಲ್ಲಿ ಆರಂಭದಲ್ಲಿ ನಿರೀಕ್ಷೆಗಿಂತ ಕಡಿಮೆ ಜನ ಹತ್ತಿದರು. ದೂರದ ಸ್ಟೋ, ಗ್ಯಾಲಾಶೀಲ್ಸ್, ಟ್ವೀಡ್‌ಬ್ಯಾಂಕ್‌ಗಳಲ್ಲಿ ಮಾತ್ರ ಅಂದಾಜಿನ ಹಲವು ಪಟ್ಟು ಜನ ಬಂದರು. ಅಂದರೆ ನಗರದ ಅಂಚಿನವರು ಉಪಯೋಗಿಸುತ್ತಾರೆ, ಬಾರ್ಡರ್ಸ್‌ನವರು ಕಾರು ಬಿಟ್ಟು ಇಳಿಯುವುದಿಲ್ಲ ಎಂದು ಕೊಠಡಿಯಲ್ಲಿ ಕುಳಿತು ಲೆಕ್ಕ ಹಾಕಿದವರ ಊಹೆ ತಲೆಕೆಳಗಾಯಿತು. ಆ ಜನರಿಗೆ ರೈಲು ಬೇಕಿತ್ತೆಂಬುದು ಊರಿನಲ್ಲಿ ಕೇಳಿದ್ದರೆ ತಿಳಿಯುತ್ತಿತ್ತು.

ಲೆಕ್ಕದ_ಮನುಷ್ಯ
ಜನ ಬಂದರು ಎಂಬುದನ್ನು ಒಪ್ಪುತ್ತೇನೆ. ಹಾಕಿದ ಬಂಡವಾಳ ಅದರಿಂದ ಮರಳುವುದಿಲ್ಲ ಎಂಬ ನನ್ನ ಮಾತು ಹಾಗೆಯೇ ಉಳಿಯುತ್ತದೆ.

ಲೀತ್_ನಿವಾಸಿ
ಊರಿನ ರಸ್ತೆ ಹಾಕಿಸುವಾಗ ಬಂಡವಾಳ ಮರಳುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ರೈಲಿಗೆ ಮಾತ್ರ ಕೇಳುತ್ತಾರೆ.

ಸಿಗ್ನಲ್_ಶ್ರೀನಿವಾಸ
ನಿವೃತ್ತ ರೈಲ್ವೆ ನೌಕರನಾಗಿ ನನ್ನ ಅಭಿಪ್ರಾಯ ಇಬ್ಬರಿಗಿಂತಲೂ ಬೇರೆ. ಮರಳಿ ಕಟ್ಟಿದ್ದು ಸರಿ, ಕೈ ಬಿಗಿಹಿಡಿದು ಕಟ್ಟಿದ್ದು ತಪ್ಪು.

ಸುಮಾರು 30 ಮೈಲಿಯ ಮಾರ್ಗದಲ್ಲಿ ಜೋಡಿ ಹಳಿ ಇರುವುದು ಮೂರು ತುಂಡುಗಳಲ್ಲಿ, ಎಲ್ಲ ಸೇರಿ ಒಂಬತ್ತೂವರೆ ಮೈಲಿ. ಮೂಲ ಯೋಜನೆಯಲ್ಲಿ ಇದಕ್ಕಿಂತ ಹೆಚ್ಚಿತ್ತು, ಖರ್ಚು ಕಡಿಮೆ ಮಾಡಲು ಕತ್ತರಿಸಿದರು. ಉಳಿದದ್ದೆಲ್ಲ ಒಂಟಿ ಹಳಿ. ಅರ್ಧ ಗಂಟೆಗೊಂದು ರೈಲು ಓಡಿಸಬೇಕಾದರೆ ಎದುರುಬದುರು ಬರುವ ರೈಲುಗಳು ಆ ಜೋಡಿ ತುಂಡುಗಳಲ್ಲಿಯೇ, ಗೊತ್ತಾದ ನಿಮಿಷಕ್ಕೆ ಒಂದನ್ನೊಂದು ದಾಟಬೇಕು. ಒಂದು ರೈಲು ಕೆಲವು ನಿಮಿಷ ತಡವಾದರೆ ಎದುರಿನದು ಕ್ರಾಸಿಂಗ್‌ಗೆ ಕಾಯುತ್ತದೆ. ಅದು ಟ್ವೀಡ್‌ಬ್ಯಾಂಕ್‌ಗೆ ತಡವಾಗಿ ಹೋಗಿ ತಡವಾಗಿಯೇ ಹಿಂದಿರುಗುತ್ತದೆ, ಅದಕ್ಕಾಗಿ ಇನ್ನೊಂದು ಕಾಯುತ್ತದೆ. ಹೀಗೆ ಬೆಳಗಿನ ಒಂದು ತಡ ಮಧ್ಯಾಹ್ನದವರೆಗೂ ಎಳೆಯುತ್ತದೆ. ತಡವನ್ನು ಸರಿದೂಗಿಸಲು ನಡುವಿನ ನಿಲ್ದಾಣವೊಂದನ್ನು ಬಿಟ್ಟು ಓಡಿಸಬೇಕಾಗುತ್ತದೆ, ಆ ಪೆಟ್ಟು ಬೀಳುವುದು ಹೆಚ್ಚಾಗಿ ಸ್ಟೋದಂತಹ ಸಣ್ಣ ಊರಿಗೆ.

ಇನ್ನೂ ಬೇಸರದ ಸಂಗತಿ ಸೇತುವೆಗಳದ್ದು. ಈ ಮಾರ್ಗಕ್ಕಾಗಿ 42 ಹೊಸ ಸೇತುವೆ ಕಟ್ಟಿ 95 ಹಳೆಯವನ್ನು ದುರಸ್ತಿ ಮಾಡಿದರು. ಹೊಸದಾಗಿ ಕಟ್ಟಿದವುಗಳಲ್ಲಿ ಹಲವು ಒಂದೇ ಹಳಿಯ ಅಗಲಕ್ಕಿವೆ. ಮುಂದೆ ಜೋಡಿ ಮಾಡಬೇಕೆಂದರೆ ಅವುಗಳನ್ನು ಒಡೆದು ಮತ್ತೆ ಕಟ್ಟಬೇಕು. 1849ರಲ್ಲಿ ಹಾರೆ ಗುದ್ದಲಿ ಹಿಡಿದವರು ಜೋಡಿ ಹಳಿಗೆ ಜಾಗ ಬಿಟ್ಟು ಕಟ್ಟಿದ್ದರು. 21ನೇ ಶತಮಾನದಲ್ಲಿ ಎಲ್ಲ ಯಂತ್ರಗಳಿದ್ದೂ ನಾವು ಅಷ್ಟು ದೂರ ನೋಡಲಿಲ್ಲ.

ಗ್ಲಾಸ್ಗೋ_ಗಿರಿಜೆ
ಶ್ರೀನಿವಾಸ ಸರ್ ಹೇಳಿದ್ದಕ್ಕೂ ಲೆಕ್ಕದವರು ಹೇಳಿದ್ದಕ್ಕೂ ನೇರ ಸಂಬಂಧವಿದೆ. ಜನ ಬರುವುದಿಲ್ಲವೆಂಬ ಅಂದಾಜನ್ನು ನಂಬಿದ್ದರಿಂದಲೇ ಹಳಿ ಕತ್ತರಿಸಿದರು.

ಮಂಡ್ಯದ_ಮಗಳು
2015ರ ಸೆಪ್ಟೆಂಬರ್ 6ರಂದು ರಾಣಿ ಎಲಿಜಬೆತ್ ಇದನ್ನು ಉದ್ಘಾಟಿಸಿದಾಗ ಟಿವಿಯಲ್ಲಿ ನೋಡಿದ ನೆನಪಿದೆ. ಉಗಿ ಎಂಜಿನ್ ಎಳೆಯುತ್ತಿತ್ತು.

ಹಳಿಗಳ_ನಂಟು
ಮೇಡಂ, ಸೆಪ್ಟೆಂಬರ್ 6ರಂದು ಸಾರ್ವಜನಿಕ ಸಂಚಾರ ಆರಂಭವಾಯಿತು. ರಾಣಿಯವರು ಬಂದದ್ದು 9ರಂದು. ವಿಕ್ಟೋರಿಯಾ ರಾಣಿಗಿಂತ ಹೆಚ್ಚು ಕಾಲ ಆಳಿದವರೆಂಬ ದಾಖಲೆ ಅವರ ಹೆಸರಿಗೆ ಸೇರಿದ್ದು ಅದೇ ದಿನ, ಆದ್ದರಿಂದ ಜಗತ್ತಿನ ಕ್ಯಾಮೆರಾಗಳೆಲ್ಲ ಟ್ವೀಡ್‌ಬ್ಯಾಂಕ್ ಎಂಬ ಪುಟ್ಟ ನಿಲ್ದಾಣದ ಕಡೆಗೆ ತಿರುಗಿದ್ದವು. ರೈಲನ್ನು ಎಳೆದದ್ದು ಯೂನಿಯನ್ ಆಫ್ ಸೌತ್ ಆಫ್ರಿಕಾ ಎಂಬ ಹೆಸರಿನ ಎ4 ವರ್ಗದ ಉಗಿ ಎಂಜಿನ್.

ಕೋಟೆ_ಕೊತ್ತಲ
ಈ ಚರ್ಚೆಗೆ ನಮ್ಮ ಕಡೆಯ ನಂಟೂ ಒಂದಿದೆ, ಅದನ್ನು ಯಾರೂ ಪ್ರಸ್ತಾಪಿಸಲಿಲ್ಲ. ಎಡಿನ್‌ಬರ್ಗ್‌ನಿಂದ ಗ್ಯಾಲಾಶೀಲ್ಸ್‌ಗೆ ಹೋಗುವಾಗ ಎಸ್ಕ್‌ಬ್ಯಾಂಕ್ ಮತ್ತು ನ್ಯೂಟನ್‌ಗ್ರೇಂಜ್ ನಿಲ್ದಾಣಗಳ ಆಸುಪಾಸಿನಲ್ಲಿ ಡಾಲ್‌ಹೌಸಿ ಕೋಟೆ ಇದೆ. ನಮ್ಮ ಶಾಲೆಯ ಪಾಠಗಳಲ್ಲಿ ಬರುವ ಗವರ್ನರ್ ಜನರಲ್ ಡಾಲ್‌ಹೌಸಿ 1812ರಲ್ಲಿ ಹುಟ್ಟಿದ್ದು ಆ ಕೋಟೆಯಲ್ಲಿ. ಅವರ ಸಮಾಧಿ ಇರುವುದು ಹತ್ತಿರದ ಕಾಕ್‌ಪೆನ್‌ನಲ್ಲಿ. ಭಾರತಕ್ಕೆ ಬರುವ ಮೊದಲು ಅವರು ಬ್ರಿಟನ್ನಿನ ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿ ರೈಲ್ವೆ ಪ್ರಸ್ತಾಪಗಳ ಮಹಾಪೂರವನ್ನೇ ನಿಭಾಯಿಸಿದ್ದರು. ಆ ಅನುಭವದ ಮೇಲೆಯೇ 1853ರಲ್ಲಿ ಭಾರತದ ರೈಲು ಮಾರ್ಗಗಳ ಕುರಿತ ತಮ್ಮ ಪ್ರಸಿದ್ಧ ಟಿಪ್ಪಣಿ ಬರೆದರು. ಐದೂವರೆ ಅಡಿ ಅಗಲದ ಹಳಿ ನಮ್ಮಲ್ಲಿ ನೆಲೆಯೂರಿದ್ದು ಅವರ ಆಡಳಿತದಲ್ಲಿ. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣಕ್ಕೆ ಬಂದ ಮೊದಲ ಮಾರ್ಗದ ಹಳಿಯೂ ಅದೇ ಅಳತೆಯದ್ದು.

ಸಾಗರದ_ಸುಬ್ಬಣ್ಣ
ರಾಜ್ಯಗಳನ್ನು ಕಬಳಿಸಿದವನನ್ನು ರೈಲು ತಂದವನೆಂದು ಹೊಗಳುವುದು ನನಗೆ ಸರಿಬರುವುದಿಲ್ಲ.

ಕೋಟೆ_ಕೊತ್ತಲ
ನಾನು ಹೊಗಳಲಿಲ್ಲ, ಸ್ಥಳವನ್ನು ತಿಳಿಸಿದೆ. ದತ್ತುಪುತ್ರರ ಹಕ್ಕನ್ನು ತಳ್ಳಿಹಾಕಿ ಸತಾರಾ, ಝಾನ್ಸಿ, ನಾಗಪುರಗಳನ್ನು ಕಸಿದುಕೊಂಡವರೂ ಅವರೇ ಎಂಬುದನ್ನು ಮರೆತಿಲ್ಲ.

ನಿರ್ವಾಹಕರು
ಡಾಲ್‌ಹೌಸಿಯವರ ಆಡಳಿತದ ಕುರಿತು ಬೇರೆ ಚರ್ಚೆಯನ್ನು ಆರಂಭಿಸಲು ಅವಕಾಶವಿದೆ. ಇಲ್ಲಿ ಗ್ಯಾಲಾಶೀಲ್ಸ್ ನಿಲ್ದಾಣ ಮತ್ತು ಅದರ ಮಾರ್ಗದ ವಿಷಯವನ್ನೇ ಮುಂದುವರಿಸಬೇಕೆಂದು ಕೋರುತ್ತೇವೆ.

ಇಳಕಲ್_ಮಗ್ಗ
ಇಷ್ಟೊಂದು ಮಾಹಿತಿ ನೀಡಿದ ಎಲ್ಲರಿಗೂ ಧನ್ಯವಾದಗಳು. ಅಪ್ಪನಿಗೆ ಓದಿ ಹೇಳಿದೆ. ಕಲ್ಲಿದ್ದಲು ಬಂದು ಗಿರಣಿಗಳು ಬದಲಾದ ಭಾಗವನ್ನು ಎರಡು ಸಲ ಓದಿಸಿದರು. ಈಗ ಇನ್ನೆರಡು ಅನುಮಾನಗಳು: ನಿಲ್ದಾಣದಲ್ಲಿ ಸಿಬ್ಬಂದಿ ಇಲ್ಲವೆಂದರೆ ಟಿಕೆಟ್ ಎಲ್ಲಿ ಕೊಳ್ಳಬೇಕು, ಚಳಿಗಾಲದ ಸಂಜೆ ಒಬ್ಬಳೇ ಹುಡುಗಿ ಎಲ್ಲಿ ಕುಳಿತು ಕಾಯಬೇಕು? ಕಾಲೇಜು ಯಾವ ನಿಲ್ದಾಣಕ್ಕೆ ಹತ್ತಿರ?

ಗಡಿಸೀಮೆ_ಡಾಕ್ಟರ್
ಟಿಕೆಟ್ ಯಂತ್ರ ನಿಲ್ದಾಣದಲ್ಲಿಯೇ ಇದೆ, ಫೋನಿನಲ್ಲಿಯೂ ಕೊಳ್ಳಬಹುದು. ಕಾಯುವ ವಿಷಯಕ್ಕೆ ಬಂದರೆ, ಅಲ್ಲಿ ಕಟ್ಟಡವಿಲ್ಲವೆಂದು ನೀವು ಅಂದುಕೊಂಡದ್ದು ಚಿತ್ರದ ಚೌಕಟ್ಟು ಸಣ್ಣದಾಗಿರುವುದರಿಂದ. ರಸ್ತೆಯ ಆಚೆ ಬದಿಯಲ್ಲಿ ದೊಡ್ಡ ಸಾರಿಗೆ ಕೇಂದ್ರವಿದೆ, ರೈಲು ಬರುವ ಸ್ವಲ್ಪ ಮೊದಲು 2015ರ ಆಗಸ್ಟ್‌ನಲ್ಲಿ ತೆರೆದದ್ದು. ಬಸ್ಸುಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಒಳಗೆ ಕೂರುವ ಜಾಗ, ಶೌಚಾಲಯ ಎಲ್ಲವೂ ಇವೆ. ರೈಲಿನಿಂದ ಇಳಿದು ರಸ್ತೆ ದಾಟಿದರೆ ಬಸ್ಸು. ಹಾಯಿಕ್ ಮತ್ತು ಸೆಲ್‌ಕರ್ಕ್‌ಗೆ ಹೋಗುವವರಿಗೆ ಇವತ್ತಿಗೂ ಆಧಾರ ಎಕ್ಸ್95 ಬಸ್ಸು, ಅದು ಎ7 ಹೆದ್ದಾರಿ ಹಿಡಿದು ಹೋಗುತ್ತದೆ.

ಕಾಲೇಜು ಇರುವುದು ನೆದರ್‌ಡೇಲ್ ಎಂಬಲ್ಲಿ, ಗ್ಯಾಲಾಶೀಲ್ಸ್ ಮತ್ತು ಟ್ವೀಡ್‌ಬ್ಯಾಂಕ್ ನಡುವೆ. ಗ್ಯಾಲಾಶೀಲ್ಸ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆ ದಿನಗಳಲ್ಲಿ ಬಸ್ಸು ಹಿಡಿಯುವುದು ಒಳ್ಳೆಯದು. ಸ್ಕಾಟ್ಲೆಂಡ್‌ನಲ್ಲಿ ವಾಸಿಸುವ 22 ವರ್ಷದೊಳಗಿನವರಿಗೆ ಬಸ್ ಪ್ರಯಾಣ ಉಚಿತ, ವಯಸ್ಸು ಹೊಂದಿದರೆ ಮೊದಲ ವಾರದಲ್ಲೇ ಕಾರ್ಡಿಗೆ ಅರ್ಜಿ ಹಾಕಲು ಹೇಳಿ.

ಲೀತ್_ನಿವಾಸಿ
ಅಲ್ಲಿಯೇ ಹತ್ತಿರದಲ್ಲಿ ಸ್ಕಾಟ್ಲೆಂಡ್‌ನ ಮಹಾ ಕಸೂತಿಪಟವನ್ನು ಇಟ್ಟಿರುವ ಕಟ್ಟಡವೂ 2021ರಲ್ಲಿ ತೆರೆದಿದೆ. ದೇಶದ ಇಡೀ ಇತಿಹಾಸವನ್ನು 160 ಫಲಕಗಳಲ್ಲಿ ಸೂಜಿದಾರದಿಂದ ಬಿಡಿಸಿದ್ದಾರೆ, ಹೊಲಿದವರು ದೇಶದ ಮೂಲೆಮೂಲೆಯ ಸ್ವಯಂಸೇವಕರು. ರೈಲು ಇಲ್ಲದಿದ್ದರೆ ಇದನ್ನು ಗ್ಯಾಲಾಶೀಲ್ಸ್‌ನಲ್ಲಿ ಇಡಲು ಯಾರೂ ಒಪ್ಪುತ್ತಿರಲಿಲ್ಲವೆಂದು ನನ್ನ ನಂಬಿಕೆ. ಮಗ್ಗದ ಮನೆಯ ಹುಡುಗಿ ಮೊದಲು ನೋಡಬೇಕಾದದ್ದು ಇದನ್ನೇ.

ಮಂಡ್ಯದ_ಮಗಳು
ಪ್ರಯಾಣವೂ ಬಹಳ ಚೆನ್ನಾಗಿದೆ. ಗೋರ್‌ಬ್ರಿಜ್ ಬಿಟ್ಟ ಮೇಲೆ ಮನೆಗಳು ಹಿಂದಾಗಿ ಕುರಿಗಳು ಮೇಯುವ ಬೋಳುಗುಡ್ಡಗಳು ಶುರುವಾಗುತ್ತವೆ. ಫಾಲಾಹಿಲ್ ದಾಟಿ ಇಳಿಯುವಾಗ ಗಾಲಾ ಹೊಳೆ ಜೊತೆಯಾಗುತ್ತದೆ. ಒಂದು ಸೇತುವೆಯ ಮೇಲೆ ಎಡ ಕಿಟಕಿಯಲ್ಲಿದ್ದದ್ದು ಮುಂದಿನ ಸೇತುವೆಗೆ ಬಲ ಕಿಟಕಿಗೆ ಬಂದಿರುತ್ತದೆ, ಗ್ಯಾಲಾಶೀಲ್ಸ್ ಬರುವವರೆಗೂ ಹೀಗೆಯೇ. ಸ್ಟೋದಲ್ಲಿ 17ನೇ ಶತಮಾನದ, ಹೇರುಗುದುರೆಗಳಿಗಾಗಿ ಕಟ್ಟಿದ ಸಣ್ಣ ಕಮಾನು ಸೇತುವೆ ಇದೆ. ಹಳೆಯ ಮಾರ್ಗದ ನಿಲ್ದಾಣ ಕಟ್ಟಡವನ್ನೂ ಅಲ್ಲಿಯವರು ಉಳಿಸಿಕೊಂಡು ದುರಸ್ತಿ ಮಾಡಿ, ಉಪಾಹಾರ ಮಂದಿರವನ್ನಾಗಿ ಮಾಡಿದ್ದಾರೆ. ಹಳೆಯ ಕಟ್ಟಡದ ಕೆಲಸ ಕಣ್ಣಾರೆ ನೋಡಬೇಕೆಂದರೆ ಅಲ್ಲಿ ಇಳಿಯಿರಿ.

ಸಾಗರದ_ಸುಬ್ಬಣ್ಣ
ಹಾಗಾದರೆ ಹಾಯಿಕ್‌ಗೆ ಏಕೆ ಮುಂದುವರಿಸಲಿಲ್ಲ? ಹೆಚ್ಚು ಹೋರಾಡಿದವರು ಆ ಊರಿನವರು, ರೈಲು ಸಿಕ್ಕಿದ್ದು ಗ್ಯಾಲಾಶೀಲ್ಸ್‌ಗೆ.

ಹಳಿಗಳ_ನಂಟು
ಅದೇ ಈಗಿನ ಹೋರಾಟ. 1999ರಲ್ಲಿ ಹುಟ್ಟಿದ ಬಾರ್ಡರ್ಸ್ ರೈಲು ಅಭಿಯಾನದವರು ಗ್ಯಾಲಾಶೀಲ್ಸ್‌ವರೆಗಿನ ರೈಲನ್ನು ಗೆದ್ದು ಸುಮ್ಮನಾಗಲಿಲ್ಲ. ಹಾಯಿಕ್‌ಗೂ, ಅಲ್ಲಿಂದ ಕಾರ್ಲೈಲ್‌ಗೂ ಹಳಿ ಬರಬೇಕೆಂದು ಇಂದಿಗೂ ಒತ್ತಾಯಿಸುತ್ತಿದ್ದಾರೆ. ಟ್ವೀಡ್‌ಬ್ಯಾಂಕ್‌ನಿಂದ ಹಾಯಿಕ್‌ಗೆ ಉಳಿದಿರುವುದು ಸುಮಾರು 17 ಮೈಲಿ ಮಾತ್ರ.

ಸಿಗ್ನಲ್_ಶ್ರೀನಿವಾಸ
17 ಮೈಲಿ ಎಂಬುದು ಕಾಗದದ ಮೇಲೆ ಚಿಕ್ಕದು. ಮೆಲ್‌ರೋಸ್‌ನಲ್ಲಿ ಹಳೆಯ ಹಳಿಯ ಜಾಗದಲ್ಲಿ ಬೈಪಾಸ್ ರಸ್ತೆ ಹಾದುಹೋಗಿದೆ. ಹಾಯಿಕ್‌ನಲ್ಲಿ ಟೆವಿಯಟ್ ನದಿಯ ಮೇಲಿದ್ದ ಕಮಾನು ಸೇತುವೆಯನ್ನು ಕೆಡವಿ ದಶಕಗಳಾದವು, ನಿಲ್ದಾಣವಿದ್ದ ಜಾಗದಲ್ಲಿ ಈಜುಕೊಳವಿರುವ ಕ್ರೀಡಾ ಕೇಂದ್ರ ಇದೆ. ಹಾಯಿಕ್‌ನಿಂದ ಆಚೆ ಕಾರ್ಲೈಲ್‌ಗೆ ಹೋಗಬೇಕೆಂದರೆ ವಿಟ್‌ರೋಪ್ ಸುರಂಗ ಎದುರಾಗುತ್ತದೆ. 1,200 ಗಜಕ್ಕೂ ಉದ್ದದ ಆ ಸುರಂಗದ ಒಂದು ಭಾಗ 2002ರಲ್ಲಿ ಕುಸಿದು ಬಾಯಿ ಮುಚ್ಚಿದ್ದಾರೆ.

ಇದನ್ನು ಬೇಡವೆನ್ನಲು ಹೇಳುತ್ತಿಲ್ಲ. ಹಾಯಿಕ್‌ಗೆ ಎರಡನೇ ಹಂತದಲ್ಲಿ ಹಳಿ ಹಾಕುವ ಮೊದಲು ಗ್ಯಾಲಾಶೀಲ್ಸ್ ಉತ್ತರದ ಒಂಟಿ ಹಳಿಯನ್ನು ಸರಿಪಡಿಸಬೇಕು. ಇಲ್ಲದಿದ್ದರೆ ಮಾರ್ಗ ಉದ್ದವಾದಷ್ಟೂ ತಡವೂ ಉದ್ದವಾಗುತ್ತದೆ.

ಗ್ಲಾಸ್ಗೋ_ಗಿರಿಜೆ
ಸರ್, ಅಲ್ಲಿ ನಾನು ಒಪ್ಪುವುದಿಲ್ಲ. ಮೊದಲು ಇದು ಸರಿಯಾಗಲಿ, ಆಮೇಲೆ ಅದು ಎಂದು ಸರದಿ ಹಚ್ಚಿದರೆ ಹಾಯಿಕ್‌ನ ಸರದಿ ಇನ್ನೊಂದು ತಲೆಮಾರಿಗೂ ಬರುವುದಿಲ್ಲ. ಎರಡನ್ನೂ ಒಂದೇ ಯೋಜನೆಯಲ್ಲಿ ಕೇಳಬೇಕು.

ಲೆಕ್ಕದ_ಮನುಷ್ಯ
ಹಾಯಿಕ್‌ವರೆಗಾದರೆ ನನ್ನ ವಿರೋಧವೂ ಕಡಿಮೆ. ಕಾರ್ಲೈಲ್‌ಗೆ ಎಂದರೆ ಹಣ ಎಲ್ಲಿಂದ ಬರುತ್ತದೆಂಬುದನ್ನು ಯಾರಾದರೂ ಮೊದಲು ಬರೆದು ತೋರಿಸಬೇಕು.

ಗಡಿಸೀಮೆ_ಡಾಕ್ಟರ್
ಹಾಯಿಕ್‌ನಿಂದ ಎಡಿನ್‌ಬರ್ಗ್‌ನ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ, ಕಾರು ಓಡಿಸಲಾಗದ ವಯಸ್ಸಿನವರು ಇಂದಿಗೂ ಬಸ್ಸಿನಲ್ಲಿ ಗ್ಯಾಲಾಶೀಲ್ಸ್‌ಗೆ ಬಂದು ಅಲ್ಲಿ ರೈಲು ಹಿಡಿಯುತ್ತಾರೆ, ಎಡಿನ್‌ಬರ್ಗ್‌ನಲ್ಲಿ ಮತ್ತೊಂದು ಬಸ್ಸು ಹಿಡಿಯುತ್ತಾರೆ. ಬೆಳಗಿನ ಹತ್ತು ಗಂಟೆಯ ತಪಾಸಣೆಗೆ ಕತ್ತಲಿರುವಾಗಲೇ ಮನೆ ಬಿಡಬೇಕು. ಹಣದ ಲೆಕ್ಕ ಬರೆಯುವವರು ಆ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಲಿ.